ಚಾವಿ ತೆಗೆಯುವ ಮುನ್ನ ಕ್ಯಾಸೆಟ್ ತೆಗೆಯಿರಿ

ದೇವರ ಹಿಪ್ಪರಗಿ ದಾಟಿ ಸಿಂದಗಿಯ ಕಡೆ ಹೊರಟಿದ್ದೆವು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕಿಟಕಿಯಿಂದ ನುಗ್ಗುವ ಗಾಳಿ ಒಲೆಯ ಝಳದಂತೆ ಮುಖಕ್ಕೆ ಬಡಿಯುತ್ತಿತ್ತು. ಮಾರುತಿ ೮೦೦ರ ಡೆಕ್ಕಿನಲ್ಲಿ ನಮ್ಮ ಆಯಿ ಹಾಡುತ್ತಿದ್ದಳು, ಬೀಸುವ ಪದ. ಸೋದರಮಾವ ತನ್ನ ಟೇಪ್ ರೆಕಾರ್ಡರನ್ನು ಆಕೆಯ ಎದುರಿಗಿಟ್ಟು ತುಂಬಿಸಿಕೊಂಡಿದ್ದ ಒಂದೇ ಒಂದು ಕ್ಯಾಸೆಟ್ ಅದು. ಎರಡನೆಯ ಪದದ ನಡುವೆ ಆಯಿಯ ದನಿ ಒಮ್ಮೆಲೇ ದಪ್ಪಗಾಯಿತು, ಜಗ್ಗಿತು, ಬಾವಿಯ ತಳದಿಂದ ಬಂದಂತಾಯಿತು. ಆಮೇಲೆ ಕಿರ್ ಎಂದು ಒಂದು ಸದ್ದು, ಅಷ್ಟೇ. ಅಪ್ಪ ಗಾಡಿಯನ್ನು ಜಾಲಿಗಿಡದ ನೆರಳಿಗೆ ನಿಲ್ಲಿಸಿ ಎಜೆಕ್ಟ್ ಗುಂಡಿ ಒತ್ತಿದ. ಕ್ಯಾಸೆಟ್ ಅರ್ಧ ಹೊರಗೆ ಬಂತು. ಅದರ ಬಾಯಿಂದ ಕಂದುಬಣ್ಣದ ರೀಲು ಡೆಕ್ಕಿನೊಳಕ್ಕೆ ಇಳಿಬಿದ್ದೇ ಇತ್ತು. ಅಪ್ಪ ಎಳೆದ.

ಆ ಎಳೆತದ ಗುರುತು ಇವತ್ತಿಗೂ ಇದೆ. ಒಂದು ಗೇಣು ಉದ್ದಕ್ಕೆ ರೀಲು ಸೀರೆಯ ನಿರಿಗೆಯಂತೆ ಮಡಿಕೆ ಬಿದ್ದು, ಒಂದು ಅಂಚಿನಲ್ಲಿ ಹಿಗ್ಗಿದೆ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ ೪.೭೬ ಸೆಂಟಿಮೀಟರ್ ಓಡುತ್ತದೆ. ಒಂದು ಗೇಣೆಂದರೆ ಹೆಚ್ಚುಕಡಿಮೆ ಐದು ಸೆಕೆಂಡು. ಆ ಐದು ಸೆಕೆಂಡಿನೊಳಗೆ ಆಯಿ ಯಾರದೋ ಹೆಸರು ಹೇಳುತ್ತಾಳೆ. ತವರಿನ ಅಣ್ಣನದೋ ತಮ್ಮನದೋ ಇರಬೇಕು. ಮೊದಲ ಅಕ್ಷರ ಕೇಳಿಸುತ್ತದೆ, ಉಳಿದದ್ದು ಗಂಟಲೊಳಗೇ ಉಳಿದಂತೆ ಮಸುಕಾಗುತ್ತದೆ. ಕಾರಿನ ಡೆಕ್ಕನ್ನೂ ಕ್ಯಾಸೆಟ್ಟನ್ನೂ ಹೇಗೆ ನೋಡಿಕೊಳ್ಳಬೇಕೆಂದು ನಾನು ಕಲಿಯಲು ಹೊರಟದ್ದು ಆ ಹೆಸರಿನ ದೆಸೆಯಿಂದ.

ಈಗ ಯಾರು ಕ್ಯಾಸೆಟ್ ಕೇಳುತ್ತಾರೆ ಎಂಬ ಪ್ರಶ್ನೆ ಪಟ್ಟಣದವರಿಗೆ ಬರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿನ ಹಳ್ಳಿಮನೆಗಳಲ್ಲಿ ನಾಗೊಂದಿಗೆಯ ಮೇಲಿನ ಟ್ರಂಕನ್ನು ಒಮ್ಮೆ ಇಳಿಸಿ ನೋಡಬೇಕು. ಲಗ್ನಪತ್ರಿಕೆ, ಹೊಲದ ಉತಾರ, ಮಕ್ಕಳ ಅಂಕಪಟ್ಟಿಗಳ ನಡುವೆ ನಾಲ್ಕೈದು ಕ್ಯಾಸೆಟ್ ಸಿಕ್ಕರೆ ಆಶ್ಚರ್ಯವಿಲ್ಲ. ಅವುಗಳಲ್ಲಿ ರಾಜಕುಮಾರ್ ಹಾಡು, ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ ಇದ್ದರೆ ಚಿಂತೆಯಿಲ್ಲ, ಅವೆಲ್ಲ ಇಂದು ಮೊಬೈಲಿನಲ್ಲಿ ಸಿಗುತ್ತವೆ. ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಲ್ಲಿ ‘ಜಾತ್ರಿ ಪದ’, ‘ಅಕ್ಕನ ಲಗ್ನ’, ‘ಮುತ್ಯಾ’ ಎಂದಷ್ಟೇ ಬರೆದ ಕ್ಯಾಸೆಟ್ ಇದ್ದರೆ ಎದೆ ನಡುಗಬೇಕು. ಅದಕ್ಕೆ ಇನ್ನೊಂದು ಪ್ರತಿ ಲೋಕದಲ್ಲಿ ಎಲ್ಲೂ ಇಲ್ಲ.

ಮನೆಯ ಟೇಪ್ ರೆಕಾರ್ಡರುಗಳು ಎಂದೋ ಗುಜರಿಗೆ ಹೋದವು. ಬೆಲ್ಟು ಹರಿಯಿತು, ಹುಡುಗರು ಮೋಟರು ಕಿತ್ತು ಆಟಕ್ಕೆ ಹಚ್ಚಿದರು, ಪೆಟ್ಟಿಗೆಯನ್ನು ಪಾತ್ರೆಯವಳಿಗೆ ಕೊಟ್ಟೆವು. ಹಳೆಯ ಮಾರುತಿ, ಜೀಪು, ಟ್ರ್ಯಾಕ್ಸ್‌ಗಳ ಡೆಕ್ ಮಾತ್ರ ಗಾಡಿಗೆ ಅಂಟಿಕೊಂಡೇ ಇದ್ದುದರಿಂದ ಉಳಿದುಕೊಂಡಿತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಕ್ಯಾಸೆಟ್ ತಿರುಗಿಸಬಲ್ಲ ಕೊನೆಯ ಯಂತ್ರ ಇರುವುದು ಅಂಗಳದಲ್ಲಿ ನಿಂತ ಕಾರಿನಲ್ಲಿ. ತೊಡಕಿರುವುದೂ ಇಲ್ಲೇ. ಕ್ಯಾಸೆಟ್ಟಿಗೆ ಕಾರಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಬಿಸಿಲು, ಧೂಳು, ಕುಲುಕಾಟ ಮೂರೂ ಅಲ್ಲಿ ಒಟ್ಟಿಗೆ ಸೇರುತ್ತವೆ, ಅದರಲ್ಲೂ ನಮ್ಮ ಎರೆಭೂಮಿಯ ದಾರಿಗಳಲ್ಲಿ.

ಕಿಸೆಯಲ್ಲಿ ಹಿಡಿಸುವ ಪೆಟ್ಟಿಗೆ

ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು ಜನರ ಮುಂದಿಟ್ಟದ್ದು ೧೯೬೩ರಲ್ಲಿ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ. ಬೆಲ್ಜಿಯಂನ ಹ್ಯಾಸೆಲ್ಟ್‌ನಲ್ಲಿ ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ಒಟೆನ್ಸ್. ಹೊಸ ಯಂತ್ರ ತನ್ನ ಕೋಟಿನ ಕಿಸೆಯಲ್ಲಿ ಹಿಡಿಸಬೇಕೆಂದು ಆತ ಮೊದಲು ಒಂದು ಮರದ ತುಂಡನ್ನು ಆ ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದ. ಐದು ವರ್ಷದಲ್ಲಿ, ೧೯೬೮ಕ್ಕೆ, ಕಾರಿನಲ್ಲಿ ಕೂರುವ ಕ್ಯಾಸೆಟ್ ಪ್ಲೇಯರ್ ಬಂತು. ಹೊಸ ಕಾರಿಗೆ ಕಾರ್ಖಾನೆಯಿಂದಲೇ ಕ್ಯಾಸೆಟ್ ಡೆಕ್ ಕೂರಿಸಿ ಅಮೆರಿಕದಲ್ಲಿ ಮಾರಿದ ಕೊನೆಯ ಮಾದರಿ ೨೦೧೦ರ ಲೆಕ್ಸಸ್ ಎಸ್‌ಸಿ ೪೩೦ ಎನ್ನುತ್ತಾರೆ. ನಡುವಿನ ಈ ನಲವತ್ತು ವರ್ಷದಲ್ಲಿ ಕ್ಯಾಸೆಟ್ ಏನು ಮಾಡಿತು ಎನ್ನುವುದನ್ನು ನಮ್ಮ ಭಾಗದವರು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ಹಲಸಂಗಿ ಆಗ ಇಂಡಿ ತಾಲೂಕಿನ ಹಳ್ಳಿ, ಈಗ ಚಡಚಣ ತಾಲೂಕಿಗೆ ಸೇರಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನೊಳಗೊಂಡ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ ಹಾಡಿದ್ದನ್ನು ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದರು. ಕನ್ನಡಕ್ಕೆ ಅವರು ಮಾಡಿದ ಉಪಕಾರ ದೊಡ್ಡದು. ಆದರೆ ಅವರ ಕೈಯಲ್ಲಿದ್ದದ್ದು ಪೆನ್ನು ಮತ್ತು ಹಾಳೆ. ಪದ ಉಳಿಯಿತು, ದಾಟಿಯೂ ದನಿಯೂ ಹಾಡಿದವರ ಜೊತೆ ಹೋದವು. ಅರ್ಧ ಶತಮಾನ ಕಳೆದ ಮೇಲೆ ಅದೇ ಸೀಮೆಯ ಹುಡುಗನೊಬ್ಬ ಹತ್ತಿಪ್ಪತ್ತು ರೂಪಾಯಿಯ ಕ್ಯಾಸೆಟ್ ಹಾಕಿ ತನ್ನ ಅವ್ವನ ದನಿಯನ್ನೇ ಹಿಡಿದಿಡುವಂತಾಯಿತು. ಪೀಟರ್ ಮ್ಯಾನ್ಯುಯೆಲ್ ೧೯೯೩ರಲ್ಲಿ ಪ್ರಕಟಿಸಿದ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕ ಉತ್ತರ ಭಾರತದ ಬಗ್ಗೆ ಹೇಳುವುದೂ ಇದನ್ನೇ: ಸಿನಿಮಾ ಹಾಡು ಮತ್ತು ಒಂದು ದೊಡ್ಡ ಕಂಪನಿಯ ಕೈಯಲ್ಲಿದ್ದ ಧ್ವನಿಮುದ್ರಣದ ಲೋಕವನ್ನು ಕ್ಯಾಸೆಟ್ ಊರೂರಿಗೆ ಹಂಚಿತು.

ನಮ್ಮಲ್ಲಿ ಹರದೇಶಿ-ನಾಗೇಶಿ ಗೀಗೀ ಮೇಳದವರು ರಾತ್ರಿಯಿಡೀ ಸವಾಲಿಗೆ ಸವಾಲು ಹಾಕಿ ಹಾಡುತ್ತಾರೆ. ಹರದೇಶಿಯವರು ಗಂಡು ಹೆಚ್ಚೆಂದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ದಪ್ಪಿನ ಪೆಟ್ಟಿಗೆ ಪೆಟ್ಟು ಕೊಡುತ್ತಾರೆ. ಜಾತ್ರೆಯಲ್ಲಿ ಮೇಳ ಕೂತರೆ ಮೈಕಿನ ಕೆಳಗೆ ಟೇಪ್ ರೆಕಾರ್ಡರುಗಳ ಸಾಲೇ ಇರುತ್ತಿತ್ತು. ಡೊಳ್ಳಿನ ಪದ, ಭಜನೆ, ಮೊಹರಂ ರಿವಾಯತ್ ಪದ ಎಲ್ಲವೂ ಹೀಗೇ ತುಂಬಿಕೊಂಡವು. ಲಿಂಬಿಕಾಯಿ ಹೇರಿಕೊಂಡು ಇಂಡಿಯಿಂದ ಹೊರಡುವ ಟೆಂಪೊದಲ್ಲಿ, ಮುದ್ದೇಬಿಹಾಳದ ಸಂತೆಗೆ ಜನ ತುಂಬಿಕೊಂಡು ಬರುವ ಜೀಪಿನಲ್ಲಿ ಅವೇ ಕ್ಯಾಸೆಟ್ಟುಗಳು ತಿರುಗುತ್ತಿದ್ದವು. ಸಿಂದಗಿಯಿಂದ ವಿಜಯಪುರ ಸುಮಾರು ಅರವತ್ತು ಕಿಲೋಮೀಟರ್. ಆ ರಸ್ತೆಯಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿನ ಎರಡೂ ಮಗ್ಗುಲು ಮುಗಿದು ಮೊದಲ ಮಗ್ಗುಲು ಮತ್ತೆ ಶುರುವಾಗಿರುತ್ತಿತ್ತು.

ಒಂದು ಮೈಕ್ರಾನ್ ಧೂಳು

ಕ್ಯಾಸೆಟ್ಟಿನ ರೀಲು ೩.೮೧ ಮಿಲಿಮೀಟರ್ ಅಗಲ. ಅಷ್ಟರಲ್ಲಿ ಎರಡೂ ಮಗ್ಗುಲಿನ ಎಡಬಲ ಸೇರಿ ನಾಲ್ಕು ಸಾಲು ಧ್ವನಿ ಇರುತ್ತದೆ. ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಆ ಪುಡಿಯ ಕಾಂತತ್ವದ ಏರಿಳಿತವೇ ಹಾಡು. ಡೆಕ್ಕಿನೊಳಗೆ ಕ್ಯಾಪ್‌ಸ್ಟನ್ ಎಂಬ ಸೂಜಿಯಂಥ ಉಕ್ಕಿನ ಕಡ್ಡಿ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಪಿಂಚ್ ರೋಲರ್ ಎಂಬ ರಬ್ಬರಿನ ಗಾಲಿ ರೀಲನ್ನು ಅದಕ್ಕೆ ಒತ್ತಿ ಹಿಡಿದು ಮುಂದಕ್ಕೆ ಕಳಿಸುತ್ತದೆ. ಮುಂದೆ ಬಂದ ರೀಲನ್ನು ಸುತ್ತಿಕೊಳ್ಳುವ ಕೆಲಸ ಬಲಗಡೆಯ ಚಕ್ರದ್ದು. ರೋಲರಿಗೆ ಕೊಳೆ ಮೆತ್ತಿದರೆ ರೀಲು ಅದಕ್ಕೇ ಅಂಟಿ ಸುತ್ತಿಕೊಳ್ಳುತ್ತದೆ. ಸುತ್ತಿಕೊಳ್ಳುವ ಚಕ್ರಕ್ಕೆ ಬಲ ಸಾಲದಿದ್ದರೆ ರೀಲು ಹೊಟ್ಟೆಯೊಳಗೇ ಗುಡ್ಡೆ ಬೀಳುತ್ತದೆ. ನಾವು ‘ಡೆಕ್ ರೀಲು ತಿಂತು’ ಅನ್ನುವುದು ಈ ಎರಡರಲ್ಲಿ ಒಂದಕ್ಕೆ.

ತಿನ್ನದೇ ಇದ್ದಾಗಲೂ ಕೊಳೆ ತನ್ನ ಪಾಲನ್ನು ಕಿತ್ತುಕೊಳ್ಳುತ್ತಿರುತ್ತದೆ. ರೀಲು ನಿಧಾನವಾಗಿ ಓಡುವುದರಿಂದ ೧೦,೦೦೦ ಹರ್ಟ್ಸಿನ ಒಂದು ಅಲೆ ಅದರ ಮೇಲೆ ಹಿಡಿಯುವ ಜಾಗ ಐದು ಮೈಕ್ರಾನಿಗಿಂತ ಕಡಿಮೆ. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನ ಆಸುಪಾಸು ಇರುತ್ತದೆ. ಹೆಡ್ಡಿಗೂ ರೀಲಿಗೂ ನಡುವೆ ಒಂದೇ ಒಂದು ಮೈಕ್ರಾನ್ ಧೂಳು ಕೂತರೂ ಆ ಅಲೆಯ ಸದ್ದು ಹತ್ತು ಡೆಸಿಬೆಲ್ಲಿಗಿಂತ ಹೆಚ್ಚು ಕುಗ್ಗುತ್ತದೆ. ಮೊದಲು ಹೋಗುವುದು ತಾಳದ ಝಣಕು, ಬಳೆಯ ಸದ್ದು, ಮಾತಿನ ಸಕಾರ ಶಕಾರ. ಕೇಳುವವರು ‘ಕ್ಯಾಸೆಟ್ ಹಳೇದಾಯಿತು, ಮಬ್ಬಾಗಿದೆ’ ಎಂದು ಎತ್ತಿ ಒಗೆಯುತ್ತಾರೆ. ಎಷ್ಟೋ ಸಲ ಕ್ಯಾಸೆಟ್ಟಿಗೆ ಏನೂ ಆಗಿರುವುದಿಲ್ಲ; ಹೆಡ್ಡನ್ನು ಒರೆಸಿದರೆ ಮರುಗಳಿಗೆಗೆ ಎಲ್ಲವೂ ಮರಳಿ ಬರುತ್ತದೆ.

ಬಾಗೇವಾಡಿಯಲ್ಲಿ ರೇಡಿಯೋ ರಿಪೇರಿಯಿಂದ ಬದುಕು ಸಾಗಿಸಿದ ಹಿರಿಯರೊಬ್ಬರ ಮುಂದೆ ನಮ್ಮ ಡೆಕ್ ಇಟ್ಟು ಕೂತದ್ದು ನೆನಪಿದೆ. ಅವರು ಮೇಲಿನ ತಗಡು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಒಳಗೆ ಬಗ್ಗಿ ನೋಡಿದರು.

“ಎಷ್ಟ ವರ್ಷಾತು ತಮ್ಮಾ, ಇದನ್ನ ಸ್ವಚ್ಛ ಮಾಡಿ?”

“ಒಮ್ಮೆನೂ ಮಾಡಿಲ್ರೀ ಕಾಕಾರ.”

“ಒಮ್ಮೆನೂ ಮಾಡಿಲ್ಲಂದ್ರ ಅದು ತಿನ್ನದ ಏನ್ ಮಾಡ್ತೈತಿ?”

ಕಸಬರಿಗೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸಣ್ಣ ಸೀಸೆಯಿಂದ ಎರಡು ಹನಿ ಹಾಕಿಕೊಂಡು ಮೊದಲು ಹೆಡ್ಡನ್ನು ಒರೆಸಿದರು, ಆಮೇಲೆ ಉಕ್ಕಿನ ಕಡ್ಡಿಯನ್ನು. ಹತ್ತಿ ಕಾಚಿನ ಬಣ್ಣಕ್ಕೆ ತಿರುಗಿತು. ಹೊಸ ಹತ್ತಿ ಸುತ್ತಿದರು, ಅದೂ ಹಾಗೇ ಆಯಿತು. ನಾಲ್ಕನೆಯದು ಬೆಳ್ಳಗೆ ಹೊರಬಂದಾಗ ನಿಲ್ಲಿಸಿದರು. ಹೊಲದ ಮಣ್ಣು ಎಷ್ಟೊಂದು ಹೊಕ್ಕಿದೆ ಎಂದೆ. ಮೊದಲಿನ ಹತ್ತಿಯನ್ನು ನನ್ನ ಮುಂದೆ ಹಿಡಿದು, “ಮಣ್ಣಲ್ಲೋ ತಮ್ಮಾ, ಇದು ರೀಲಿನ ಮೈ ಉದುರಿದ್ದು” ಅಂದರು. ಅದನ್ನು ಎಸೆಯಲು ನನಗೆ ಸ್ವಲ್ಪ ಹೊತ್ತು ಕೈ ಬರಲಿಲ್ಲ.

ಸೀಸೆಯಲ್ಲಿದ್ದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ‘ಐಪಿಎ’ ಎಂದು ಕೇಳಿದರೆ ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿನ ಗ್ಲಿಸರಿನ್ ಮತ್ತು ಸುಗಂಧ ಹೆಡ್ಡಿನ ಮೇಲೆ ಪದರಾಗಿ ನಿಲ್ಲುತ್ತವೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಮುಟ್ಟಿಸಲೇಬಾರದು, ರಬ್ಬರು ಉಬ್ಬಿ ಕೆಡುತ್ತದೆ. ರಬ್ಬರಿನ ಗಾಲಿಗೆ ಐಪಿಎ ಕೂಡ ಪದೇಪದೇ ಒಳ್ಳೆಯದಲ್ಲ. ಹಿಂಡಿದ ಒದ್ದೆ ಬಟ್ಟೆಗೆ ಚೂರು ಸಾಬೂನು ತಾಗಿಸಿ ಒರೆಸಿ, ಒಣಗಿಸಿದರೆ ಸಾಕು. ಎರಡೂ ಮಗ್ಗುಲು ತಾನೇ ತಿರುವಿ ಹಾಡುವ ಆಟೊ ರಿವರ್ಸ್ ಡೆಕ್ಕಿನಲ್ಲಿ ಸಾಮಾನ್ಯವಾಗಿ ಎರಡು ಗಾಲಿ, ಎರಡು ಕಡ್ಡಿ ಇರುತ್ತವೆ. ಒಂದನ್ನು ಒರೆಸಿ ಇನ್ನೊಂದನ್ನು ಮರೆತವರ ಗಾಡಿಯಲ್ಲಿ ಒಂದು ಮಗ್ಗುಲು ಚಲೋ ಹಾಡಿ ಇನ್ನೊಂದು ಮಗ್ಗುಲಿಗೆ ರೀಲು ತಿನ್ನುತ್ತದೆ.

ಡೆಕ್ ಬಿಚ್ಚಲು ಬಾರದವರು ಹೆಡ್ ಕ್ಲೀನರ್ ಕ್ಯಾಸೆಟ್ ಬಳಸಬಹುದು. ದ್ರವ ಹಾಕಿ ಓಡಿಸುವಂಥದ್ದೇ ಆಗಿರಲಿ; ಒಣದು ಉಪ್ಪುಕಾಗದದಂತೆ ಹೆಡ್ಡನ್ನು ಸವೆಸುತ್ತದೆ. ಹತ್ತು ಗಂಟೆ ಹಾಡಿದ ಮೇಲೆ ಒಮ್ಮೆ ಒರೆಸಬೇಕೆಂಬುದು ಹಳೆಯ ರೂಢಿ. ರಾಶಿ ಮಾಡುವ ಕಾಲದಲ್ಲಿ, ಕಣದ ದಾರಿಯಲ್ಲಿ ಗಾಡಿ ಓಡಿಸುವವರು ಅಷ್ಟು ಕಾಯದಿರುವುದು ಒಳ್ಳೆಯದು. ಹೆಡ್ಡಿನ ಪಕ್ಕದ ಸಣ್ಣ ತಿರುಪಿಗೆ ಮಾತ್ರ ಕೈ ಹಾಕಬೇಡಿ. ಹೆಡ್ಡಿನ ಓರೆಯನ್ನು ಕೂರಿಸುವ ತಿರುಪದು. ಕೂದಲೆಳೆಯಷ್ಟು ತಿರುಗಿದರೂ ಹಾಡೆಲ್ಲ ಕಂಬಳಿ ಹೊದ್ದಂತೆ ಮಂದವಾಗುತ್ತದೆ.

ಚಾವಿ, ಬಿಸಿಲು, ಸ್ಪೀಕರ್

ಆ ದಿನ ಕಾಕಾ ಗಾಲಿಯನ್ನು ಉಗುರಿನಿಂದ ತಡವಿ, ನನ್ನ ಬೆರಳನ್ನೂ ಅಲ್ಲಿಗೆ ಹಿಡಿದು ತೋರಿಸಿದರು. ಒಂದು ಕಡೆ ಸಣ್ಣ ತಗ್ಗು. “ಹಾಡ ನಡದಾಗ ಚಾವಿ ತಗದ ಬಿಡ್ತೀರಿ. ಗಾಲಿ ರಾತ್ರೆಲ್ಲ ಕಡ್ಡಿಗಿ ಒತ್ಕೊಂಡ ನಿಂದರ್ತೈತಿ. ರೊಟ್ಟಿ ಹಿಟ್ಟಿಗೆ ಬೆರಳ ಒತ್ತಿದ್ರ ತಗ್ಗ ಬೀಳೂದಿಲ್ಲೇನು, ಹಂಗ ಬಿದ್ದೈತಿ.” ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಡು ಸಾಕೆನಿಸಿದಾಗ ಸ್ಟಾಪ್ ಗುಂಡಿ ಒತ್ತುತ್ತೇವೆ, ಗಾಲಿ ಹಿಂದೆ ಸರಿಯುತ್ತದೆ. ಕಾರಿನಲ್ಲಿ ಊರು ಬಂತೆಂದು ಚಾವಿ ತಿರುವುತ್ತೇವೆ. ಕರೆಂಟು ಹೋಗುತ್ತದೆ, ಗಾಲಿ ಒತ್ತಿದ ಕಡೆಯೇ ಒತ್ತಿಕೊಂಡಿರುತ್ತದೆ. ಚಾವಿ ತೆಗೆದ ಕೂಡಲೇ ತಾನೇ ಗಾಲಿಯನ್ನು ಬಿಡಿಸುವ ವ್ಯವಸ್ಥೆ ಆಮೇಲಿನ ಒಳ್ಳೆಯ ಡೆಕ್ಕುಗಳಲ್ಲಿ ಬಂತು, ಎಲ್ಲದರಲ್ಲೂ ಇಲ್ಲ. ಬಿಸಿಲಿಗೆ ಮೆತ್ತಗಾದ ರಬ್ಬರಿಗೆ ಈ ತಗ್ಗು ಬೇಗ ಬೀಳುತ್ತದೆ, ಆಮೇಲೆ ಪ್ರತಿ ಸುತ್ತಿಗೂ ಹಾಡು ಒಂದೊಂದು ಹೆಜ್ಜೆ ಎಡವುತ್ತದೆ. ರೀಲಿಗೂ ಅದೇ ಜಾಗದಲ್ಲಿ ಮಡಿಕೆ. ಹಾಗಾಗಿ ಇಳಿಯುವ ಮುನ್ನ ಎಜೆಕ್ಟ್ ಒತ್ತಿ ಕ್ಯಾಸೆಟ್ ಹೊರಗೆ ತೆಗೆದು, ಆಮೇಲೆ ಚಾವಿ ತಿರುವಬೇಕು. ಕಾರಿನ ಡೆಕ್ಕಿನ ಬಗ್ಗೆ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ.

ತೆಗೆದ ಕ್ಯಾಸೆಟ್ಟನ್ನು ಎಲ್ಲಿಡುತ್ತೇವೆ? ಡ್ಯಾಶ್‌ಬೋರ್ಡಿನ ಮೇಲೆ. ನಮ್ಮಲ್ಲಿ ಬೇಸಿಗೆಗೆ ೪೦ ಡಿಗ್ರಿ ದಾಟುವುದು ಹೊಸದಲ್ಲ. ಅಂಥ ದಿನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ೬೦ ಡಿಗ್ರಿ ಆಗಬಲ್ಲದು, ನೇರ ಬಿಸಿಲು ಬೀಳುವ ಡ್ಯಾಶ್‌ಬೋರ್ಡು ೭೦ರ ಹತ್ತಿರ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಹಪ್ಪಳದಂತೆ ಡೊಂಕಾಗುತ್ತದೆ. ಅದು ಕಣ್ಣಿಗೆ ಕಾಣುವುದರಿಂದ ವಾಸಿ. ಕಾಣದೆ ಆಗುವುದು ಹೆಚ್ಚು ನಷ್ಟ: ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯಲು ಬಾಯಿಯ ನಡುವೆ ಒಂದು ತಗಡಿನ ಸ್ಪ್ರಿಂಗು, ಅದರ ಮೇಲೆ ಜೋಳದ ಕಾಳಿನಷ್ಟು ಉಣ್ಣೆಯ ಚೂರು ಅಂಟಿಸಿರುತ್ತದೆ. ಕಾವಿಗೆ ಅದರ ಅಂಟು ಕರಗಿ ಚೂರು ಉದುರಿಹೋಗುತ್ತದೆ. ಹಾಡು ಹತ್ತಿರ ಬಂದು ದೂರ ಹೋದಂತೆ ಕೇಳಿದರೆ ಮೊದಲು ಆ ಚೂರು ಇದೆಯೇ ನೋಡಿ. ಇನ್ನು ಹಿಂದಿನ ಸೀಟಿನ ಬೆನ್ನ ಹಿಂದೆ, ಸ್ಪೀಕರಿನ ಪಕ್ಕ ಕ್ಯಾಸೆಟ್ ಜೋಡಿಸುವ ರೂಢಿ. ಅಲ್ಲಿ ಬಿಸಿಲೂ ಉಂಟು, ಸ್ಪೀಕರಿನ ಅಯಸ್ಕಾಂತವೂ ಉಂಟು. ಅಯಸ್ಕಾಂತದಿಂದ ಬರೆದದ್ದನ್ನು ಅಯಸ್ಕಾಂತದ ಮಗ್ಗುಲಲ್ಲಿ ಇಡುವುದು ಬೇಡ. ಸೀಟಿನ ಕೆಳಗೆ, ಬಟ್ಟೆಯ ಚೀಲದಲ್ಲಿ, ಡಬ್ಬಿ ಮುಚ್ಚಿ ಇಡಿ. ರಾತ್ರಿ ಮನೆಯೊಳಗೆ ತನ್ನಿ.

ಬೆಲ್ಟಿನ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ವರ್ಷಗಟ್ಟಲೆ ಸುಮ್ಮನೆ ನಿಂತ ಡೆಕ್ಕಿನಲ್ಲಿ ರಬ್ಬರ್ ಬೆಲ್ಟು ಸಡಿಲಾಗುತ್ತದೆ, ಕೆಲವು ಡಾಂಬರಿನಂತೆ ಕರಗಿ ಚಕ್ರಕ್ಕೆ ಅಂಟುತ್ತವೆ. ಹಾಡು ನಿಧಾನವಾಗಿ ಎಳೆದರೆ, ಅಲುಗಾಡಿದರೆ ಬಹಳ ಸಲ ಕಾರಣ ಇದೇ. ತರಕಾರಿ ಕಟ್ಟುವ ರಬ್ಬರ್ ಬ್ಯಾಂಡು ಹಾಕಿ ಓಡಿಸಿದರೆ ಒಂದು ದಿನ ಓಡೀತು, ಮರುದಿನ ಅದೇ ಜಾರಿ ರೀಲು ತಿನ್ನಿಸುತ್ತದೆ. ಸುತ್ತಳತೆ ನೋಡಿ ಸರಿಯಾದ ಬೆಲ್ಟು ತರಿಸಬೇಕು. ಎಂಜಿನ್ ಜೋರಾದಂತೆ ಹಾಡಿನ ಹಿಂದೆ ಕುಂಯ್ ಎಂಬ ಸದ್ದೂ ಏರಿದರೆ ಡೆಕ್ಕಿಗೆ ರೋಗವಿಲ್ಲ, ಅರ್ಥಿಂಗ್ ಸಡಿಲಾಗಿದೆ. ಕಪ್ಪು ತಂತಿಯನ್ನು ಬಣ್ಣ ಕೆರೆದ ತಗಡಿಗೆ
ಬಿಗಿದರೆ ಎಷ್ಟೋ ಸಲ ನಿಲ್ಲುತ್ತದೆ.

ಪೆನ್ಸಿಲು ಮತ್ತು ಕತ್ತರಿ

ಬಹುದಿನ ಮುಟ್ಟದ ಕ್ಯಾಸೆಟ್ಟನ್ನು ನೇರ ಡೆಕ್ಕಿಗೆ ಹಾಕಬಾರದು. ಮೊದಲು ಬೆಳಕಿಗೆ ಹಿಡಿದು ಕಿಟಕಿಯಂಥ ಗಾಜಿನಲ್ಲಿ ನೋಡಿ. ರೀಲಿನ ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಬೂದಿ ಚೆಲ್ಲಿದಂತಿದ್ದರೆ ಅದು ಬೂಸ್ಟು. ಅದನ್ನು ಓಡಿಸಿದರೆ ಡೆಕ್ಕಿಗೂ, ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಬೂಸ್ಟು ಇಲ್ಲವೆಂದರೆ ಆರು ಮೂಲೆಯ ಪೆನ್ಸಿಲನ್ನು ಗಾಲಿಯ ಹಲ್ಲಿಗೆ ಕೂರಿಸಿ ಸಡಿಲು ರೀಲನ್ನು ಬಿಗಿ ಮಾಡಬೇಕು. ಪೆನ್ಸಿಲು ಸಲೀಸಾಗಿ ತಿರುಗಬೇಕು. ಎಲ್ಲಾದರೂ ಗಟ್ಟಿಯಾದರೆ ಒತ್ತಾಯ ಬೇಡ, ಕ್ಯಾಸೆಟ್ಟನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಒಳಗೆ ಏರುಪೇರಾದ ಸುತ್ತು ಸಮಕ್ಕೆ ಬರುತ್ತದೆ. ಆಮೇಲೆ ಒಮ್ಮೆ ಕೊನೆಯವರೆಗೆ ಮುಂದೆ ಓಡಿಸಿ, ಮತ್ತೆ ಹಿಂದೆ ತಂದು, ಆಗ ಹಾಡಿಗೆ ಹಚ್ಚಬೇಕು.

ರೀಲಿನ ದಪ್ಪವನ್ನೂ ಗಮನಿಸಬೇಕು. ಒಂದು ಗಂಟೆಯ ಸಿ-೬೦ ಕ್ಯಾಸೆಟ್ಟಿನಲ್ಲಿ ಸುಮಾರು ೯೦ ಮೀಟರ್ ರೀಲು, ದಪ್ಪ ೧೮ ಮೈಕ್ರಾನಿನಷ್ಟು. ಸಿ-೯೦ರಲ್ಲಿ ಸುಮಾರು ೧೩೫ ಮೀಟರನ್ನು ಅದೇ ಡಬ್ಬಿಯಲ್ಲಿ ಹಿಡಿಸಲು ದಪ್ಪವನ್ನು ೧೨ ಮೈಕ್ರಾನಿಗೆ ಇಳಿಸಿರುತ್ತಾರೆ. ಸಿ-೧೨೦ ಇನ್ನೂ ತೆಳು, ೯ ಮೈಕ್ರಾನ್. ಮೇಳದ ಪದ ರಾತ್ರಿಯಿಡೀ ನಡೆಯುವುದರಿಂದ ನಮ್ಮವರು ಉದ್ದದ ಕ್ಯಾಸೆಟ್ಟನ್ನೇ ಬಯಸಿ ತಂದರು. ಹೀಗಾಗಿ ಎಲ್ಲಕ್ಕಿಂತ ಬೆಲೆಯುಳ್ಳ ಹಾಡು ಎಲ್ಲಕ್ಕಿಂತ ನಾಜೂಕಾದ ರೀಲಿನ ಮೇಲೆ ಕೂತಿದೆ. ಅಂಥದ್ದನ್ನು ಕಾರಿನಲ್ಲಿ ಹಾಕಲೇಬಾರದು ಎನ್ನುವುದು ನನ್ನ ಗಟ್ಟಿ ಮಾತು.

ಡೆಕ್ ರೀಲು ತಿಂದಾಗ ಅಪ್ಪ ಮಾಡಿದ್ದನ್ನು ಯಾರೂ ಮಾಡದಿರಲಿ. ಡೆಕ್ ಆರಿಸಿ, ಟಾರ್ಚು ಹಿಡಿದು, ರೀಲು ಯಾವುದಕ್ಕೆ ಸುತ್ತಿದೆ ಎಂದು ನೋಡಬೇಕು. ಐಸ್‌ಕ್ರೀಮಿನ ಕಡ್ಡಿಯಂಥ ಮೊಂಡು ತುದಿಯಿಂದ ಒಂದೊಂದೇ ಸುತ್ತು ಬಿಡಿಸಬೇಕು. ಸ್ಕ್ರೂಡ್ರೈವರ್ ಬೇಡ, ಅದು ಗೀರುತ್ತದೆ, ಅದರ ತುದಿಯಲ್ಲಿ ಅಯಸ್ಕಾಂತವೂ ಇರಬಹುದು. ಬಿಡಿಸಲು ಆಗದಿದ್ದರೆ ಕ್ಯಾಸೆಟ್ ಸಹಿತ ಡೆಕ್ಕನ್ನು ಬಿಚ್ಚಿಸಿ ತಿಳಿದವರ ಹತ್ತಿರ ಒಯ್ಯಬೇಕು. ಅದೂ ಆಗದು ಎಂದಾದರೆ ಸಡಿಲಾಗಿ ಜೋತುಬಿದ್ದ ಕಡೆ ಚೊಕ್ಕ ಕತ್ತರಿಯಿಂದ ಕತ್ತರಿಸುವುದು ಎಳೆಯುವುದಕ್ಕಿಂತ ಮೇಲು. ಕತ್ತರಿಸಿದ ರೀಲನ್ನು ಕೂಡಿಸಬಹುದು, ಜಗ್ಗಿದ ರೀಲನ್ನು ಯಾರೂ ಕುಗ್ಗಿಸಲಾರರು.

ಕೂಡಿಸುವಾಗ ಎರಡೂ ತುದಿಯನ್ನು ಒಂದರ ಮೇಲೊಂದಿಟ್ಟು ಓರೆಯಾಗಿ ಕತ್ತರಿಸಿ, ತುದಿಗೆ ತುದಿ ತಾಗಿಸಿ, ಹೆಡ್ಡಿಗೆ ತಾಗದ ಒಳಮೈಗೆ ಸ್ಪ್ಲೈಸಿಂಗ್ ಟೇಪು ಅಂಟಿಸಬೇಕು. ಪುಸ್ತಕಕ್ಕೆ ಅಂಟಿಸುವ ಸೆಲ್ಲೊಟೇಪಿನ ಗೋಂದು ಸೆಕೆಗೆ ಹೊರಗೆ ಒಸರಿ ಪಕ್ಕದ ಸುತ್ತಿಗೆ ಹಿಡಿಯುತ್ತದೆ. ಉಗುರುಬಣ್ಣ ಹಚ್ಚುವ ರೂಢಿಯೂ ಅಷ್ಟೇ ಕೆಟ್ಟದ್ದು. ಆಯಿಯ ಕ್ಯಾಸೆಟ್ಟಿನ ಐದು ತಿರುಪು ಬಿಚ್ಚಿ, ಮಡಿಕೆ ಬಿದ್ದ ಗೇಣು ರೀಲನ್ನು ನಾನು ಹತ್ತಿಯ ಬಟ್ಟೆಯ ನಡುವೆ ಹಿಡಿದು ಬೆರಳಿನಿಂದ ಮೆಲ್ಲಗೆ ನೀವಿದೆ. ಹೆಸರು ಅದರಿಂದ ಪೂರ್ತಿ ಮರಳಲಿಲ್ಲ. ಮೊದಲ ಅಕ್ಷರದ ಜೊತೆ ಕೊನೆಯ ‘ಅಪ್ಪಾ’ ಮಾತ್ರ ಸ್ಪಷ್ಟವಾಯಿತು.

ಈ ಕೆಲಸಗಳಿಗಿಂತ ಮೊದಲು ಮಾಡಬೇಕಾದ್ದು ಒಂದಿದೆ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಎಸಳು ಇರುತ್ತವೆ. ಅವನ್ನು ಮುರಿದರೆ ಯಾವ ರೆಕಾರ್ಡರೂ ಅದರ ಮೇಲೆ ಮತ್ತೆ ತುಂಬಿಸಲಾರದು. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಿಗೆ ಇವು ಇರುವುದೇ ಇಲ್ಲ. ಮನೆಯಲ್ಲಿ ತುಂಬಿದ ಕ್ಯಾಸೆಟ್ಟಿನಲ್ಲಿ ಹೆಚ್ಚಾಗಿ ಹಾಗೇ ಉಳಿದಿರುತ್ತವೆ. ಕಾರಿನ ಡೆಕ್ ಹಾಡಿಸಬಲ್ಲದೇ ಹೊರತು ಅಳಿಸಲಾರದು, ಆದರೆ ಪ್ರತಿ ತೆಗೆಯಲು ರೆಕಾರ್ಡರಿಗೆ ಹಾಕಿದಾಗ ಕೈತಪ್ಪಿ ಕೆಂಪು ಗುಂಡಿ ಒತ್ತಿದರೆ ಮುತ್ಯಾನ ದನಿ ಅಳಿಯಲು ಒಂದು ಕ್ಷಣ ಸಾಕು.

ಕಂಪ್ಯೂಟರಿಗೆ ಇಳಿಸುವಾಗ ಸ್ಪೀಕರಿನ ಮುಂದೆ ಮೊಬೈಲ್ ಹಿಡಿಯಬೇಡಿ. ಒರೆಸಿದ ಹೆಡ್ಡಿರುವ ಮನೆಯ ಡೆಕ್ಕನ್ನು ಯಾರಿಂದಲಾದರೂ ಎರವಲು ತಂದು, ತಂತಿಯಿಂದಲೇ ಕಂಪ್ಯೂಟರಿಗೆ ಜೋಡಿಸಿ, ಕುಗ್ಗಿಸದ ವೇವ್ ಕಡತವಾಗಿ ಉಳಿಸಿಕೊಳ್ಳಬೇಕು; ೪೮ ಕಿಲೋಹರ್ಟ್ಸ್, ೨೪ ಬಿಟ್ ಇದ್ದರೆ ಚೆನ್ನ. ಗೊರಗೊರ ಸದ್ದನ್ನು ತೆಗೆಯುವ ಆಸೆಗೆ ಮೂಲ ಪ್ರತಿಯನ್ನು ಮುಟ್ಟಬಾರದು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನಂಟರ ಮನೆಯಲ್ಲಿ. ಕ್ಯಾಸೆಟ್ಟನ್ನು ಎಸೆಯದೆ, ರೀಲು ಒಂದು ಕಡೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ಪುಸ್ತಕದಂತೆ ನಿಲ್ಲಿಸಿ ಇಡಿ. ಕಾರಿಗೆ ಬೇಕಾದರೆ ಆ ಕಡತದಿಂದ ಇನ್ನೊಂದು ಕ್ಯಾಸೆಟ್ ತುಂಬಿಸಿಕೊಳ್ಳಿ. ಅದನ್ನು ಡೆಕ್ ತಿಂದರೂ ತಿನ್ನಲಿ.

ನಮ್ಮ ಕ್ಯಾಸೆಟ್ಟಿನ ಮೇಲೆ ಇದ್ದದ್ದು ‘ಆಯಿ’ ಎಂಬ ಎರಡಕ್ಷರ ಮಾತ್ರ. ವರ್ಷವಿಲ್ಲ, ಊರಿಲ್ಲ. ತುಂಬಿಸಿದ ಸೋದರಮಾವ ಈಗಿಲ್ಲ. ಕಂಪ್ಯೂಟರಿಗೆ ಇಳಿಸಿದ್ದನ್ನು ಒಂದು ಸಂಜೆ ಅವ್ವನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಅವ್ವ ಕಣ್ಣು ಮುಚ್ಚಿಕೊಂಡಳು. ಹಾಡು ಮುಗಿಯುವವರೆಗೂ ತುಟಿ ಅಲ್ಲಾಡುತ್ತಿತ್ತು.

“ಯಾರ ಹೆಸರ ಬೇ ಅದು?”

“ಆಕಿ ದಿನಾ ಒಂದೊಂದ ಹೆಸರ ಇಟ್ಟ ಹಾಡ್ತಿದ್ಲು. ಅವತ್ತ ಯಾವ ಅಣ್ಣನ ಮ್ಯಾಲ ಜೀವ ಹೋಗಿತ್ತೋ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ಹಚ್ಚು ಅಂದಳು. ಈ ಸಲ ಹಾಡಿನ ಕಡೆಗೆ ಅವಳ ಲಕ್ಷ್ಯವಿರಲಿಲ್ಲ.

“ಹಿಂದ ಗಿರಣಿ ಕೂಗಾಕತ್ತೈತಿ, ಕೇಳು.”

ನನಗೆ ಅದುವರೆಗೆ ಅದು ಕೇಳಿರಲೇ ಇಲ್ಲ. ದೂರದಲ್ಲಿ, ಹಿಟ್ಟಿನ ಗಿರಣಿಯ ಎಂಜಿನ್ನಿನ ಕುಹೂ ಕುಹೂ.

“ಊರಾಗ ಗಿರಣಿ ಬಂದ ಮ್ಯಾಲ ಆಕಿ ಬೀಸೂದ ಬಿಟ್ಟಿದ್ಲು. ಕಲ್ಲಿನ ಸಪ್ಪಳ ನೋಡು, ಖರ್ ಖರ್ ಅಂತೈತಿ, ಕಲ್ಲಿಗೆ ಕಲ್ಲ ತಿಕ್ಕೂ ಸಪ್ಪಳ. ಕಾಳ ಹಾಕಿಲ್ಲ. ನಿಮ್ಮ ಮಾವ ಕೇಳ್ದಂತ ಬರೇ ಕಲ್ಲ ತಿರುವಿಕೋತ ಹಾಡ್ಯಾಳ.”

ಕೊಳೆ ಹಿಡಿದ ಹೆಡ್ಡಿನಲ್ಲಿ ಇಷ್ಟು ವರ್ಷ ಕೇಳಿದಾಗ ಆ ಖರ್ ಖರ್ ಎಂಬುದು ಬರೀ ಗೊರಗೊರ ಆಗಿತ್ತು. ನಾನು ಕ್ಯಾಸೆಟ್ಟಿನ ಕಾರ್ಡು ಹೊರತೆಗೆದು, ‘ಆಯಿ’ ಎಂಬುದರ ಕೆಳಗೆ ಬರೆದೆ: ಗಿರಣಿ ಬಂದ ಮೇಲೆ. ಖಾಲಿ ಕಲ್ಲು.